ನೀರಿನ ಟ್ಯೂಬು

ದೆವ್ವ, ಶಕುನ ಅಂದವರಿಗೆ ನಾನು "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು, ಅಷ್ಟೇ" ಎಂದು ನಕ್ಕು ಕಳಿಸುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕೊರೋನಾ ಕಾಲದಲ್ಲಿ ಆಳಂದದ ಆಸ್ಪತ್ರೆಯೊಂದರ ಹಿಂದಿನ ಲ್ಯಾಬಿನಲ್ಲಿ ಪಿಸಿಆರ್ ಮಷಿನ್ ನಡೆಸುತ್ತಿದ್ದೆ. ಮೂಗಿನ ದ್ರವದಲ್ಲಿ ವೈರಸ್ಸಿನ ಚೂರಿದ್ದರೂ ಮಷಿನ್ ಅದನ್ನು ಇಮ್ಮಡಿಸುತ್ತಾ ಹೋಗುತ್ತದೆ, ಪರದೆಯಲ್ಲಿ ಗೆರೆ ಮೇಲೇರುತ್ತದೆ. ಇಲ್ಲದಿದ್ದರೆ ಗೆರೆ ನೆಲ ಕಚ್ಚಿರುತ್ತದೆ. ಪ್ರತಿ ಸಲವೂ ಜೊತೆಗೆ ಬರೀ ಶುದ್ಧ ನೀರಿನ ಒಂದು ಟ್ಯೂಬು ಇಡುತ್ತೇವೆ. ಆ ನೀರಿನ ಗೆರೆ ಎದ್ದರೆ ಏನೋ ಕಲಬೆರಕೆಯಾಗಿದೆ ಎಂದರ್ಥ, ಇಡೀ ಪರೀಕ್ಷೆ ರದ್ದು.

ಒಂದು ಮಧ್ಯಾಹ್ನ ಮಟಕಿ ಊರಿನ ಶರಣಪ್ಪ ತನ್ನವರೊಂದಿಗೆ ಕಲ್ಲು, ಬಡಿಗೆ ಹಿಡಿದು ನುಗ್ಗಿದ. ಅವನ ಅಪ್ಪ ಬೆಳಿಗ್ಗೆ ತೀರಿಕೊಂಡಿದ್ದ. ರಿಪೋರ್ಟು ಪಾಸಿಟಿವ್, ಶವ ಮನೆಗೆ ಕೊಡುವಂತಿರಲಿಲ್ಲ. ಕಿಟಕಿಯ ಗಾಜು ಪುಡಿಯಾಯಿತು. ನನ್ನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಶರಣಪ್ಪ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ.

"ಮತ್ತ ಟೆಸ್ಟ್ ಮಾಡು ಲೇ! ನಮ್ಮಪ್ಪಗ ಕೈಯಾಗ ಲಿಂಗ ಕೊಟ್ಟು, ಕುಂದ್ರಿಸಿ ಮಣ್ಣು ಮಾಡಬೇಕು. ಗೊಬ್ಬರದ ಚೀಲದಂಗ ಒಗಿಯಾಕ ಬಿಡಂಗಿಲ್ಲ!"

ಅವನ ಅಪ್ಪನದೇ ಉಳಿದಿದ್ದ ಸ್ಯಾಂಪಲ್ಲನ್ನು ಮತ್ತೆ ಹಾಕಿದೆ. ಗೆರೆ ಮೂಡುವ ತನಕ ಗಂಟೆಗೂ ಹೆಚ್ಚು ಹೊತ್ತು ಅವರು ಬಡಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಅಪ್ಪನ ಗೆರೆ ಕದಲಲಿಲ್ಲ. ನೀರಿನದು ಎದ್ದಿತು, ಥೇಟ್ ಮೊದಲ ಪರೀಕ್ಷೆಯಲ್ಲಿ ಎದ್ದಿದ್ದ ಅಪ್ಪನ ಗೆರೆಯ ಹಾಗೆ. ಟ್ಯೂಬು ಅದಲುಬದಲಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ.

"ನೀರಿನ ಗೆರಿ ಎದ್ದೈತಿ. ಈ ಟೆಸ್ಟ್ ಲೆಕ್ಕಕ್ಕ ಬರಂಗಿಲ್ರಿ, ಇನ್ನೊಮ್ಮಿ ಮಾಡಬೇಕು" ಎಂದೆ. ಬಡಿಗೆ ಭುಜಕ್ಕೆ ಬಿತ್ತು. ಅಷ್ಟರಲ್ಲಿ ಪೊಲೀಸರು ಬಂದು ಅವನನ್ನು ಲಾಠಿಯಿಂದ ಕೆಡವಿದರು. ಹೊಡೆತ ತಿನ್ನುತ್ತಲೇ ಅವನು ಕೂಗಿದ.

"ಸಾಯೂತನಕ ನೀರು, ನೀರು ಅಂದಾನ್ರಿ. ಯಾರೂ ಕೊಡ್ಲಿಲ್ಲ, ನನಗೂ ಒಳಗ ಬಿಡ್ಲಿಲ್ಲ!"

ಯಾಕೆ ಮಾಡಿದೆನೋ ಗೊತ್ತಿಲ್ಲ. ಹೊರಗೆ ಆಂಬುಲೆನ್ಸಿನಲ್ಲಿದ್ದ ಶವದ ಚೀಲದ ಮೇಲೆ, ಬಾಯಿ ಇರಬೇಕಾದ ಕಡೆ, ನನ್ನ ಬಾಟಲಿಯ ನೀರು ಸುರಿದೆ. ಒಳಗೆ ಬಂದು ಅದೇ ಸ್ಯಾಂಪಲ್ಲು, ಅದೇ ಶುದ್ಧ ನೀರನ್ನು ಮತ್ತೆ ಮಷಿನ್ನಿಗೆ ಹಾಕಿದೆ.

ಈ ಸಲ ನೀರು ಸುಮ್ಮನಿತ್ತು. ಅಪ್ಪನ ಗೆರೆ ಎದ್ದಿತ್ತು. ಪರೀಕ್ಷೆ ಸರಿ, ಪಾಸಿಟಿವ್. ಸಂಜೆ ಜೆಸಿಬಿ ತೋಡಿದ ಕುಣಿಯಲ್ಲಿ ಅಪ್ಪನನ್ನು ಮಲಗಿಸಿಯೇ ಮಣ್ಣೆಳೆದರು.

ಗಡಿಬಿಡಿಯಲ್ಲಿ ಏನೋ ಕಲಬೆರಕೆಯಾಗಿದೆ ಎಂದು ಲ್ಯಾಬಿನವರು ಹೇಳಿದರು. ಇರಬಹುದು. ಆದರೆ ನನಗೆ ಸಮಾಧಾನವಿಲ್ಲ.

ಶರಣಪ್ಪ ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾನೆ, ತಲೆ ತಗ್ಗಿಸಿ "ಆರಾಮ ಅದೀರೇನ್ರಿ" ಅನ್ನುತ್ತಾನೆ. ನಿಮ್ಮಪ್ಪನಿಗೆ ನೀರು ಕೊಟ್ಟೆ ಎಂದು ಹೇಳಬೇಕೆನಿಸುತ್ತದೆ. ಆದರೆ ಆ ನೀರು ಸಿಕ್ಕಿದ್ದಕ್ಕೇ ಅಪ್ಪನ ಗೆರೆ ಮತ್ತೆ ಎದ್ದಿತೇ, ಆ ನೀರೇ ಅಪ್ಪ ಮನೆಗೆ ಬರದ ಹಾಗೆ ಮಾಡಿತೇ ಎಂದು ಅವನು ಕೇಳಿದರೆ ಏನು ಹೇಳಲಿ? ನಾನೂ "ಆರಾಮ ಅದೀನ್ರಿ" ಅನ್ನುತ್ತೇನೆ.