ರಾಮಪತ್ರೆಯ ಕೆಳಗಿದ್ದ ಹೆಸರು

ಆ ಚಿತ್ರ ನಾನು ಬರೆದದ್ದಲ್ಲ. ನಿಮ್ಮಲ್ಲಿ ಕೆಲವರ ಮನೆಯ ಗೋಡೆಯ ಮೇಲೆ ಅದು ಇನ್ನೂ ಇರಬಹುದು — ಸಾಗರದ ಬಳಿಯ ಕಾನುಕಾಡನ್ನು ಉಳಿಸಲು ನಾವು ಹೊರತಂದ ಪೋಸ್ಟರ್, ಅಡಿಯಿಂದ ಕಂಡ ರಾಮಪತ್ರೆಯ ಕೊಂಬೆ, ಮೂಲೆಯಲ್ಲಿ ನನ್ನ ಸಹಿ. ಆ ಸಹಿ ಸುಳ್ಳು. ಚಿತ್ರ ಬರೆದವಳು ಗಿರಿಜಾ.

ಗಿರಿಜಾ ನಮ್ಮ ತೋಟಕ್ಕೆ ಕಾನಿನಿಂದ ಗೊಬ್ಬರದ ಸೊಪ್ಪು ಹೊರುತ್ತಿದ್ದಳು. ಅವಳ ಹಿರಿಯರು ಒಂದು ಕಾಲದಲ್ಲಿ ನಮ್ಮ ಮನೆಯ ಗೇಣಿದಾರರು. ನಾನು ಹೈಸ್ಕೂಲು ಶಿಕ್ಷಕಿ, ಚಳವಳಿಯವಳು, ಬಿಡುವಿನಲ್ಲಿ ಗಿಡಮರಗಳ ಚಿತ್ರ ಬರೆಯುವವಳು. ಅಂದು ಪೋಸ್ಟರಿನ ಚಿತ್ರಕ್ಕೆಂದು ಕಾನಿನಲ್ಲಿ ಕುಳಿತು ಮೂರು ಹಾಳೆ ಕೆಡಿಸಿದ್ದೆ. ಸೊಪ್ಪಿನ ಹೊರೆ ಇಳಿಸಿ ಅವಳು ಬಗ್ಗಿ ನೋಡಿದಳು.

"ಎಂತ ಅಮ್ಮಾ, ಹಕ್ಕಿ ನೋಡ್ದಂಗೆ ಮೇಲಿಂದ ಬರೀತೀರಲ್ಲ. ನಮಗೆ ಕಾಣೂದು ಎಲೆ ಹೊಟ್ಟೆ. ಕೊಡಿ ಇಲ್ಲಿ."

ಮದುವೆಮನೆಗಳ ಗೋಡೆಗೆ ಚಿತ್ತಾರ ಬರೆದು ಪಳಗಿದ ಕೈ ಅದು. ಎಲೆಯಡಿಯ ಬಿಳಿಚು ಬಣ್ಣ, ಎದ್ದು ನಿಂತ ನರಗಳು, ಹುಳ ತಿಂದ ಒಂದು ತೂತು — ಯಾವುದನ್ನೂ ಅವಳು ಅಳಿಸಿ ತಿದ್ದಲಿಲ್ಲ. ಮುಗಿಸಿ ಹೊರೆ ಎತ್ತಿಕೊಂಡು ಹೋದಳು. ಕೊಂಬೆಯ ಬುಡಕ್ಕೆ ನಾನು ತುಸು ನೆರಳು ತುಂಬಿದೆ. ನನ್ನ ಪಾಲು ಅಷ್ಟೇ. ಅಚ್ಚಿಗೆ ಕೊಡುವಾಗ ಗೆಳೆಯರೊಬ್ಬರು, "ಹೆಸರು ಹಾಕಿಲ್ವಲ್ಲ" ಎಂದರು. ಹಾಕಿದೆ. ಯಾರ ಹೆಸರು ಎಂದು ಯೋಚಿಸಲು ಬೇಕಾದಷ್ಟು ಸಮಯವಿತ್ತು — ಅದನ್ನೂ ಹೇಳಿಬಿಡಬೇಕು.

ಪೋಸ್ಟರ್ ಬಿಡುಗಡೆಯ ಸಭೆ ಸಾಗರದಲ್ಲಿ ನಡೆಯಿತು. "ಮರವನ್ನು ಮಾಲೀಕನಂತೆ ಮೇಲಿನಿಂದ ನೋಡಬೇಡಿ, ಅದರಡಿ ನಿಂತು ದುಡಿಯುವವರಂತೆ ನೋಡಿ" ಎಂದು ಮಾತನಾಡಿದೆ. ದೀರ್ಘ ಚಪ್ಪಾಳೆ. ಅದರಡಿ ನಿಂತು ದುಡಿಯುವವಳು ಸಭೆಯ ಕೊನೆಯ ಸಾಲಿನಲ್ಲಿ, ಊರಿನ ಹೆಂಗಸರ ಜೊತೆ ಚಾಪೆಯ ಮೇಲೆ ಕುಳಿತಿದ್ದಳು. ಹೊರಡುವಾಗ ಹತ್ತಿರ ಬಂದು ಕೇಳಿದಳು: "ಅಮ್ಮಾ, ಹುಳ ತಿಂದ ತೂತೂ ಹಂಗೇ ಬಂದದೆ, ಅಲ್ದಾ?"

"ಹೌದು, ಪ್ರಿಂಟ್ ಚೆನ್ನಾಗಿ ಬಂದಿದೆ" ಎಂದೆ.

ಅವಳು ಕೊಟ್ಟ ಅವಕಾಶ ಅದು. ನಾನು ಪ್ರಿಂಟಿನ ಬಗ್ಗೆ ಮಾತನಾಡಿದೆ.

ಆಮೇಲೆ ಚಿತ್ರ ಬರೆಯುವುದನ್ನೇ ಬಿಟ್ಟೆ. ಹೋರಾಟದ ನಡುವೆ ಹವ್ಯಾಸಕ್ಕೆ ಬಿಡುವೆಲ್ಲಿ ಎಂದು ಕೇಳಿದವರಿಗೆಲ್ಲ ಹೇಳಿದೆ. ನನ್ನ ತ್ಯಾಗವೆಂದು ಕೆಲವರು ಹೊಗಳಿದ್ದೂ ಉಂಟು. ನಿಜವೆಂದರೆ, ಅಂಥದೇ ಇನ್ನೊಂದು ಬರೆದುಕೊಡಿ ಎಂದು ಯಾರಾದರೂ ಕೇಳಿದರೆ —

ನಿವೃತ್ತಿಯ ನಂತರ ತೀರ್ಥಹಳ್ಳಿಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ತುಂಗೆಯ ದಡದಲ್ಲಿ ಐದಾರು ಜನ ಕುಳಿತು ಗಿಡ, ಬೇರು, ಕಲ್ಲಿನ ಮೇಲಿನ ಪಾಚಿ ಬರೆಯುತ್ತೇವೆ. ಇಷ್ಟು ವರ್ಷಗಳ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ. ಕೈಗೆ ರೂಢಿ ತಪ್ಪಿದೆ, ಆದರೂ ಜರೀಗಿಡದ ಒಂದು ಸುರುಳಿ ಸರಿಯಾಗಿ ಬಂದ ದಿನ ಮಗುವಿನಂತೆ ಹಿಗ್ಗಿದೆ. ಅದರ ಮುಂದಿನ ವಾರ ಗುಂಪಿನ ಬ್ಯಾಂಕ್ ಉದ್ಯೋಗಿಯೊಬ್ಬರು ಆ ಹಳೆಯ ಪೋಸ್ಟರನ್ನು ಚೌಕಟ್ಟು ಸಮೇತ ತಂದರು. "ಮೇಡಂ, ಹೀಗೆ ಅಡಿಯಿಂದ ನೋಡಿ ಬರೆಯೋದು ನಮಗೂ ಹೇಳ್ಕೊಡಿ." ಮುಂದಿನ ವಾರ ಎಂದೆ. ಮತ್ತೆ ಸುಳ್ಳು.

ಮರುದಿನ ಬಸ್ಸು ಹತ್ತಿ ಹೊಸನಗರದ ಆಚೆ, ಗಿರಿಜಾ ಈಗಿರುವ ಮಗಳ ಮನೆಗೆ ಹೋದೆ. ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದರೆ ಎಲ್ಲ ಕಡೆ 'ಅವಳು' ಎಂದಿದೆ. ಗಿರಿಜಾ ನನಗಿಂತ ಮೂರು ವರ್ಷ ದೊಡ್ಡವರು. ಅವರು ನನ್ನನ್ನು 'ನೀವು' ಎನ್ನುತ್ತಿದ್ದರು, ನಾನು 'ನೀನು' ಎನ್ನುತ್ತಿದ್ದೆ — ಸಮಾನತೆಯ ಭಾಷಣ ಮುಗಿಸಿ ಬಂದ ದಿನಗಳಲ್ಲೂ. ತಿದ್ದುವುದಿಲ್ಲ; ಹಾಗೇ ಇರಲಿ, ನೀವು ನೋಡಬೇಕು.

ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ. ಜೊತೆಗೆ ಒಯ್ದಿದ್ದ ನನ್ನದೇ ಪ್ರತಿ ಪೋಸ್ಟರ್ ಬಿಚ್ಚಿ, ನನ್ನ ಸಹಿ ಹೊಡೆದುಹಾಕಿ, ಪೆನ್ನು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ಈಗ ನಾನು ಬರದ್ರೆ ನೀವು ಕೊಟ್ಟಂಗಾಗ್ತದೆ. ನಂದು ನಂಗೆ ಎಂತಕ್ಕೆ ಕೊಡೂದು?"

"ಹಾಗಾದರೆ ಪತ್ರಿಕೆಯಲ್ಲಿ ಬರೆಯಲೇ, ಗಿರಿಜಕ್ಕ?"

ಅಕ್ಕ ಎಂದದ್ದಕ್ಕೆ ಅವರು ನಕ್ಕರು. "ಮುದುಕಿ ಆದ್ಮೇಲೆ ಅಕ್ಕ ಆದೆ ನೋಡು" ಎಂದು ಮಗಳ ಕಡೆ ತಿರುಗಿ ಹೇಳಿದರು. ಆಮೇಲೆ ನನಗೆ: "ಬರೀರಿ. ನನ್ ಹೆಸರು ಹಾಕೇ ಬರೀರಿ. ಅದಕ್ಕೂ ಚಪ್ಪಾಳೆ ತಗಳ್ಬೇಡಿ ಮತ್ತೆ."

ಈ ಭಾನುವಾರ ತುಂಗೆಯ ದಡದಲ್ಲಿ ಇದನ್ನೇ ಓದುತ್ತೇನೆ. ನಿಮ್ಮ ಗೋಡೆಯ ಮೇಲೆ ಆ ಚಿತ್ರವಿದ್ದರೆ ನನ್ನ ಹೆಸರು ಹೊಡೆದುಹಾಕಿ. ಮತ್ತು, ದಯವಿಟ್ಟು, ಪ್ರಾಮಾಣಿಕವಾಗಿ ಬರೆದಿದ್ದೀರಿ ಎಂದು ನನಗೆ ಯಾರೂ ಕಾಗದ ಹಾಕಬೇಡಿ.