ರೆಕ್ಕೆಯ ಮೇಲೆ ಒಣಗಿದ ಮೆಣಸು

ನಾನು ಮದುವೆಯಾಗಿ ಬೆಳಗೋಡಿನ ಹತ್ತಿರದ ಈ ತೋಟಕ್ಕೆ ಬಂದಾಗ ಮನೆಮುಂದಿನ ಕಾಫಿ ಕಣದಲ್ಲಿ ಒಂದು ವಿಮಾನ ನಿಂತಿತ್ತು. ಹೆಣ್ಣು ನೋಡಲು ಬಂದಾಗ ಕಾಫಿ ಎಷ್ಟು, ಗದ್ದೆ ಎಷ್ಟು ಎಂದೆಲ್ಲ ಹೇಳಿದ್ದರು. ವಿಮಾನದ ಸುದ್ದಿ ಮಾತ್ರ ಯಾರೂ ಎತ್ತಿರಲಿಲ್ಲ. ಎತ್ತಿದ್ದರೆ ನಮ್ಮಪ್ಪ ಈ ಸಂಬಂಧವೇ ಬೇಡ ಅನ್ನುತ್ತಿದ್ದರೋ ಏನೋ.

ಎರಡು ಎಂಜಿನ್ನಿನ, ಹತ್ತು ಜನ ಕೂರಬಹುದಾದ ಪುಟ್ಟ ವಿಮಾನ ಅದು. ಒಂದು ಕಾಲದಲ್ಲಿ ಕರಾವಳಿಯಿಂದ ಬೆಂಗಳೂರಿಗೆ ನಮ್ಮ ಗುಡ್ಡಗಳ ಮೇಲೇ ಹಾರಿಹೋಗುತ್ತಿತ್ತಂತೆ. ಅದರ ಸದ್ದು ಕೇಳಿದ್ದೇ ತಡ, ಹಣ್ಣು ಕೊಯ್ಯುವ ಹೆಂಗಸರು ಆಳುಗಳ ಲೆಕ್ಕ ಬರೆಯುವ ರೈಟರ್ ಸೀಟಿ ಊದುವುದಕ್ಕೂ ಕಾಯದೆ ಬುಟ್ಟಿ ಇಳಿಸಿ ಊಟಕ್ಕೆ ಕೂರುತ್ತಿದ್ದರಂತೆ. ಆಗಷ್ಟೇ ತೋಟ ನೋಡಿಕೊಳ್ಳಲು ಶುರುಮಾಡಿದ್ದ ನನ್ನ ಮಾವ ಮಾತ್ರ ಊಟ ಮರೆತು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಮುಂದೆ ಅದು ಹಾರಾಟ ನಿಲ್ಲಿಸಿ ಗುಜರಿಗೆ ಹೋಗುತ್ತದೆಂದು ತಿಳಿದಾಗ ಅವರೇ ಹೋಗಿ ಕೊಂಡುಕೊಂಡರು. ರೆಕ್ಕೆ ಬಿಚ್ಚಿಸಿ, ಲಾರಿಗಳಲ್ಲಿ ಘಾಟಿ ಹತ್ತಿಸಿ, ಕಣದಲ್ಲಿ ಮತ್ತೆ ಜೋಡಿಸಿದರು. ದೋಣಿಗಲ್ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು, ಬಸ್ಸುಗಳು ಸಾಲಾಗಿ ನಿಂತು, ಪ್ರಯಾಣಿಕರೆಲ್ಲ ಇಳಿದು ವಿಮಾನ ನೋಡಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗಂತೂ ಅದು ಬಾಯಿಪಾಠವಾಗಿತ್ತು.

ಅತ್ತೆಗೆ ಆ ವಿಮಾನ ಕಂಡರಾಗುತ್ತಿರಲಿಲ್ಲ. ಅರ್ಧ ಕಣವನ್ನು ಅದೇ ನುಂಗಿಹಾಕಿತ್ತು, ಕಾಫಿ ಹರಡಲು ಜಾಗ ಸಾಲುತ್ತಿರಲಿಲ್ಲ.

"ಹಾರಂಗಿಲ್ಲ, ಗದ್ದೆ ಉಳಂಗಿಲ್ಲ. ಯಾವ ಉಪಯೋಗಕ್ಕೂ ಬರಲ್ಲ ಕಣ್ರೀ ಇದು," ಎನ್ನುವುದು ಅವರ ದಿನನಿತ್ಯದ ಮಂತ್ರ.

"ನೋಡಕ್ಕೆ ಚೆಂದ ಐತಲ್ಲ ಮಾರಾಯ್ತಿ, ಸಾಕು ಬುಡು," ಎನ್ನುವುದು ಮಾವನ ಉತ್ತರ. ಈ ಜಗಳ ಇಬ್ಬರಿಗೂ ಬೇಸರ ತಂದಿದ್ದನ್ನು ನಾನು ಕಾಣೆ.

ಆದರೆ ಅತ್ತೆ ಯಾವುದನ್ನೂ ದಂಡಕ್ಕೆ ಸಾಕುವವರಲ್ಲ. ಜಾಗ ತಿಂದದ್ದಕ್ಕೆ ಕೆಲಸವಾದರೂ ಮಾಡಲಿ ಎಂದು ರೆಕ್ಕೆಗಳ ಮೇಲೆ ಕಾಳುಮೆಣಸು ಒಣಹಾಕಲು ಶುರುಮಾಡಿದ್ದರು. ಕಾಳು ಉರುಳದಂತೆ ಅಂಚಿಗೆ ಗೋಣಿತಾಟು ಸುತ್ತಿಡುತ್ತಿದ್ದರು. ತಗಡು ಬಿಸಿಲಿಗೆ ಹೆಂಚಿನ ಹಾಗೆ ಕಾಯುತ್ತಿತ್ತು. ಕೋಳಿ ಕೆದಕುವ ಹಾಗಿಲ್ಲ, ನಾಯಿ ತುಳಿಯುವ ಹಾಗಿಲ್ಲ. ನೆಲದ ಮೇಲಿನದಕ್ಕಿಂತ ರೆಕ್ಕೆಯ ಮೆಣಸು ಬೇಗ ಕಪ್ಪಾಗುತ್ತಿತ್ತು. ಹೊಸ ಸೊಸೆಯಾದ ನನಗೆ ಸಿಕ್ಕ ಮೊದಲ ಕೆಲಸವೇ ಸ್ಟೂಲು ಹತ್ತಿ ಅದನ್ನು ತಿರುವಿಹಾಕುವುದು. ಅಂಗೈ ಸುಡುತ್ತಿತ್ತು. ಸಂಜೆ ಬಾಚಿ ಚೀಲಕ್ಕೆ ತುಂಬುವಾಗ ಅತ್ತೆಗೆ ಯಾವತ್ತೂ ಮೆಣಸು ಕಮ್ಮಿಯಾದಂತೆ ಕಾಣುತ್ತಿತ್ತು. ಸೊಸೆ ಚೆಲ್ಲಾಡುತ್ತಾಳೆ ಎಂದು ಗೊಣಗುತ್ತಿದ್ದರು. ನಾನು ಒಂದು ಕಾಳೂ ಚೆಲ್ಲಿದವಳಲ್ಲ. ಆ ಸಿಟ್ಟು ನನ್ನೊಳಗೆ ವರ್ಷಗಟ್ಟಲೆ ಇತ್ತು.

ಮಾವ ತೀರಿಕೊಂಡ ಮೇಲೆ ವಿಮಾನವನ್ನು ಒರೆಸಿ ಹೊಳೆಯಿಸುವವರು ಇಲ್ಲದಾಯಿತು. ಬೆಂಗಳೂರಿನ ಒಂದು ಮ್ಯೂಸಿಯಂನವರು ತಾವು ತೆಗೆದುಕೊಂಡು ಹೋಗಿ ಸರಿಮಾಡಿ ಇಡುತ್ತೇವೆ ಎಂದರು. ನನ್ನ ಗಂಡ ಒಪ್ಪಿದರು. ಅದರ ಚರಿತ್ರೆ ಕೇಳಿಕೊಂಡು ಹೋಗಲು ಅಲ್ಲಿಂದ ಒಬ್ಬ ಹುಡುಗಿ ಬಂದಿದ್ದಳು. ಇಲ್ಲಿ ಹೇಗಿತ್ತು ಎಂದು ಅವಳು ಕೇಳಿದ್ದು ಅತ್ತೆಯನ್ನು.

"ಏನೈತವ್ವ ಹೇಳಕ್ಕೆ? ಯಾವ ಉಪಯೋಗಕ್ಕೂ ಬರ್ದೆ ಸುಮ್ನೆ ಬಿದ್ದಿತ್ತು. ತಗೊಂಡೋಗಿ," ಎಂದುಬಿಟ್ಟರು.

ವಿಮಾನ ಹೋಗಿ ಇಡೀ ಕಣ ಖಾಲಿಯಾಯಿತು. ಆ ವರ್ಷವೂ ಅತ್ತೆ ಅರ್ಧ ಕಣದಲ್ಲಿ ಮಾತ್ರ ಕಾಫಿ ಹರಡಿಸಿದರು.

ಹೋದ ಚಳಿಗಾಲದಲ್ಲಿ ಮ್ಯೂಸಿಯಂನಿಂದ ಕರೆ ಬಂತು, ಅತ್ತೆಯನ್ನು ಕರೆದುಕೊಂಡು ಹೋದೆವು. ಹೊಸ ಬಣ್ಣ ಬಳಿದುಕೊಂಡು, ಸುತ್ತ ಹಗ್ಗ ಕಟ್ಟಿಸಿಕೊಂಡು, ನಮ್ಮ ವಿಮಾನ ಗುರುತೇ ಸಿಗದಂತೆ ನಿಂತಿತ್ತು. ಅತ್ತೆ ಅದನ್ನು ಒಂದು ಸುತ್ತು ನೋಡಿ, ಕನ್ನಡಕ ಸರಿಮಾಡಿಕೊಂಡು ಪಕ್ಕದ ಬೋರ್ಡನ್ನು ನಿಧಾನವಾಗಿ ಓದತೊಡಗಿದರು. ಎಲ್ಲಿ ತಯಾರಾಯಿತು, ಯಾರನ್ನೆಲ್ಲ ಹೊತ್ತು ತಿರುಗಿತು, ಎಲ್ಲವೂ ಇತ್ತು. ಕೊನೆಯಲ್ಲಿ ಒಂದು ಸಾಲು: ಆನಂತರ ಹಲವು ವರ್ಷ ಹಾಸನ ಜಿಲ್ಲೆಯ ತೋಟವೊಂದರಲ್ಲಿ ಯಾವ ಉಪಯೋಗಕ್ಕೂ ಬಾರದೆ ಬಿದ್ದಿತ್ತು.

ಅತ್ತೆ ಅದನ್ನು ಎರಡು ಸಲ ಓದಿದರು. ಆಮೇಲೆ ಅದೇ ಹುಡುಗಿಯನ್ನು ಕರೆದು, "ಇದನ್ನ ತೆಗ್ಸವ್ವ," ಎಂದರು.

"ನೀವೇ ಹೇಳಿದ್ದಲ್ವಾ ಅಮ್ಮ?" ಎಂದಳು ಹುಡುಗಿ, ಪಾಪ, ಮೆತ್ತಗೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇದರ ಮೇಲೆ ನಾವು ಮೆಣಸು ಒಣಗಿಸುತ್ತಿದ್ದೆವು ಎಂದು ನಾನೇ ಹೇಳಿದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಒಂದು ಗಾಜಿನ ಬಾಟಲಿ ತಂದಳು. ತುಂಬ ಕಾಳುಮೆಣಸು. ರೆಕ್ಕೆ ಬಿಚ್ಚಿದಾಗ ಹಿಂಬದಿಯ ಸಂದಿನಿಂದ ಸುರಿಯಿತಂತೆ. ಇಲಿ ಕೂಡಿಟ್ಟದ್ದಿರಬೇಕು ಅಂದುಕೊಂಡಿದ್ದರಂತೆ, ಆದರೂ ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದರು.

"ನೋಡಿ ಅತ್ತೆ, ನಾನು ಚೆಲ್ಲಿದ್ದು," ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಬಾಟಲಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿ ಕಡಿದರು. "ಖಾರ ಹಂಗೇ ಐತೆ," ಎಂದರು.

ಹುಡುಗಿ ಬೋರ್ಡಿನಲ್ಲಿ ಏನು ಬರೆಸಲಿ ಎಂದು ಕೇಳಿದಳು.

"ನಮ್ಮೋರು ಆಸೆಪಟ್ಟು ತಂದಿದ್ರು ಅಂತ ಬರ್ಸು. ಬಿದ್ದಿರ್ಲಿಲ್ಲ, ನಮ್ ಕಣದಲ್ಲಿ ನಿಂತಿತ್ತು. ಉಪಯೋಗಕ್ಕೂ ಬತ್ತಿತ್ತು," ಎಂದರು ಅತ್ತೆ. ಆಮೇಲೆ ರೆಕ್ಕೆಯ ಕಡೆ ತಿರುಗಿ ಸೇರಿಸಿದರು: "ಅವ್ರು ಇರೋವರ್ಗೂ ನಾನು ಒಂದಿನಾನೂ ಉಪಯೋಗಕ್ಕೆ ಬತ್ತೈತೆ ಅಂದಿಲ್ಲ ಕಣವ್ವ. ನೀನು ದೊಡ್ಡ ಅಕ್ಷರದಲ್ಲಿ ಬರ್ಸು."