ನನಗೆ ಹೇಳದ ಹಾರಾಟ

ಒಣಗಿದೆಲೆ ಊದುವ ಮೆಷಿನ್ನಿನ ಆ ಗೊರಗೊರ ಸದ್ದು ಈಗಲೂ ಕಿವಿಯಲ್ಲಿದೆ. ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ತೋಟದವನು ಅದನ್ನು ಶುರು ಮಾಡಿದನೆಂದರೆ ನನ್ನ ತಮ್ಮ ಕಾಫಿ ಲೋಟ ಹಿಡಿದೇ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ.

“ಗಡಿಯ ಆ ಕಡೆಯವರ ವಿಮಾನಾನೂ ಹೀಗೇ ಸದ್ದು ಮಾಡ್ತಿತ್ತಂತೆ ಅಕ್ಕ. ಬೆಟ್ಟದ ಮೇಲಿದ್ದ ನಮ್ಮ ಜವಾನರು ಹೇಳ್ತಿದ್ರು.”

ಏರ್ ಫೋರ್ಸ್ ಬಿಟ್ಟ ಹೊಸತು. ಒಂದಿಷ್ಟು ದಿನ ಇದ್ದು ಹೋಗಲು ಸಮುದ್ರ ದಾಟಿ ನಮ್ಮಲ್ಲಿಗೆ ಬಂದಿದ್ದ. ಡ್ರೋನ್ ಅಂದರೆ ಇವತ್ತು ಮದುವೆ ಮನೆಯ ಫೋಟೋದವನ ಬಳಿಯೂ ಇರುತ್ತದೆ. ಆಗ ನಾವು ‘ಪೈಲಟ್ ಇಲ್ಲದ ವಿಮಾನ’ ಅನ್ನುತ್ತಿದ್ದೆವು. ಗಡಿಯಲ್ಲಿ ಕಾದಾಟ ನಡೆದಿದ್ದಾಗ ನಮ್ಮ ಠಾಣೆಗಳ ಚಿತ್ರ ತೆಗೆಯಲು ಬಂದ ಅಂಥದ್ದೊಂದನ್ನು ನನ್ನ ತಮ್ಮ ಬೆನ್ನಟ್ಟಿ ಹೊಡೆದು ಬೀಳಿಸಿದ್ದ. ಅಮ್ಮ ಹೋದ ಮೇಲೆ ನಾನೇ ಎಣ್ಣೆ ಹಚ್ಚಿ, ತಲೆ ಬಾಚಿ, ಸ್ಪೆಲಿಂಗ್ ಹೇಳಿಕೊಟ್ಟು ಬೆಳೆಸಿದ ಹುಡುಗ. ಆಫ್ಟರ್ ಆಲ್, ಅವನ ಕಥೆಯೆಲ್ಲ ಮೊದಲು ನನಗೆ ಸಲ್ಲಬೇಕು ಎಂದೇ ನನ್ನ ಲೆಕ್ಕ.

ಫಾಸ್ಟರ್ ಸಿಟಿಯಲ್ಲಿ ಪರಿಚಯದವರ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಅವನನ್ನು ಕರೆದುಕೊಂಡು ಹೋದೆ. ಎಲ್ಲರ ಬಾಯಲ್ಲೂ ಕಂಪನಿ ಷೇರು, ಸ್ಟಾಕ್ ಆಪ್ಷನ್ನು. ನಾನೇ ಎಬ್ಬಿಸಿ ಕಥೆ ಹೇಳಿಸಿದೆ. “ಹೋದ್ವಿ, ನೋಡಿದ್ವಿ, ಬಟನ್ ಒತ್ತಿದ್ವಿ,” ಎಂದು ನಕ್ಕು ಮುಗಿಸಿಬಿಟ್ಟ. ಚಪ್ಪಾಳೆಯಾಯಿತು. ನಾನು ಕ್ವೀನ್ ಮದರ್ ಥರ ಸೀರೆ ಸರಿಮಾಡಿಕೊಂಡೆ.

ಆಗ ನಮ್ಮ ಕೆಳಗಿನ ಮನೆಯ ಹುಬ್ಬಳ್ಳಿಯಾಕೆ ಬಾಯಿ ತೆಗೆದಳು. ನನ್ನ ವಯಸ್ಸಿನವಳೇ; ಮಗಳ ಮನೆಯಲ್ಲಿದ್ದುಕೊಂಡು ಆಗಷ್ಟೇ ಡ್ರೈವಿಂಗ್ ಕಲಿಯುತ್ತಿದ್ದಳು.

“ಅಲ್ಲೋ ತಮ್ಮಾ, ಅದು ಸಾವಕಾಶ ಹೋಗೂದು, ನಿಂದು ಓಡೂ ಗಾಡಿ. ಭಾಳ ಸ್ಲೋ ಮಾಡಿದ್ರ ನಿಂದು ಬಂದ್ ಬೀಳೂದಿಲ್ಲೇನು?”

ತಮ್ಮನ ನಗು ನಿಂತಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಅಂಗೈಗಳೆರಡನ್ನೂ ವಿಮಾನ ಮಾಡಿಕೊಂಡು ಏನೇನೋ ತೋರಿಸುತ್ತ ಹೋದ. ನನ್ನ ಬಿಸಿಬೇಳೆ ಬಾತ್ ತಟ್ಟೆಯಲ್ಲೇ ಆರಿತು. ವಾಟ್ ಚೀಕ್, ಎಂಥ ಸೊಕ್ಕು ಅವಳದು! ಒಂದು ವಾರದೊಳಗೆ ಅವನು ಅವಳನ್ನು ಹುಬ್ಬಳ್ಳಿ ಧಾಟಿಯಲ್ಲಿ “ಅಕ್ಕಾರ” ಎನ್ನತೊಡಗಿದ್ದ. ಸಂಜೆಯಾದರೆ ಇಳಿದು ಹೋಗಿ ಅವಳ ಮೆಟ್ಟಿಲ ಮೇಲೆ ಕೂರುತ್ತಿದ್ದ.

ಕೊನೆಗೆ ಕಥೆ ನನಗೆ ಸಿಕ್ಕಿದ್ದು ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ಒಗೆಯುವ ಲಾಂಡ್ರಿ ರೂಮಿನಲ್ಲಿ, ಅವಳ ಬಾಯಿಂದ.

“ಎರಡು ಸಲ ಅದನ್ನ ದಾಟಿ ಮುಂದ ಹೋಗ್ಯಾನಂತ್ರೀ. ಮೂರನೇ ಸಲ ವೇಗ ಅಷ್ಟು ಇಳಿಸಿದ್ದಕ್ಕ ಇವನ ವಿಮಾನನ ಕೈ ಬಿಟ್ಟು ಕೆಳಗ ಬಿದ್ದದ. ಕಣಿವಿ ಕಲ್ಲು ಕಾಣೂ ತನಕಾ ಬಿದ್ದು, ಮತ್ತ ಮ್ಯಾಲ ಎತ್ತಿಕೊಂಡು ಬಂದು ಅದನ್ನ ಹೊಡದಾನ. ಈಗೂ ಕನಸಿನ್ಯಾಗ ಬೀಳ್ತಾನಂತ. ನಿಮಗ ಹೇಳಿಲ್ಲೇನ್ರಿ?”

“ಹೇಳಿದಾನೆ, ಆಫ್ ಕೋರ್ಸ್,” ಎಂದೆ. ಅವಳ ಒದ್ದೆ ಬಟ್ಟೆ ಇನ್ನೂ ಮೆಷಿನ್ನಿನಲ್ಲಿತ್ತು. ತೆಗೆದು ಟೇಬಲ್ಲಿನ ಮೇಲೆ ಸುರಿದು ನನ್ನದನ್ನು ತುಂಬಿದೆ.

ಅವನು ಹೊರಟ ದಿನ ಅವಳೂ ಏರ್‌ಪೋರ್ಟಿಗೆ ಬಂದಳು, ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ. ಆಗಿನ್ನೂ ಬೀಳ್ಕೊಡುವವರನ್ನು ವಿಮಾನ ಹತ್ತುವ ಗೇಟಿನ ತನಕ ಬಿಡುತ್ತಿದ್ದರು. ಅವಳು ನೀರು ಕುಡಿಯಲು ಆಚೆ ಹೋದಾಗ ಕೇಳಿಯೇಬಿಟ್ಟೆ.

“ನಂಗ್ಯಾಕೋ ಹೇಳ್ಲಿಲ್ಲ?”

“ನೀನು ಅಮ್ಮನ ಥರ ಕಣೇ ಅಕ್ಕ. ಅಮ್ಮಂಗೆ ಇದೆಲ್ಲಾ ಹೇಳ್ತಾರಾ ಯಾರಾದ್ರೂ?”

ದೊಡ್ಡ ಮಾತು ಹೇಳಿದೆನೆಂದು ಅವನಿಗೆ ಸಮಾಧಾನ. ನನಗೆ ಆ ಪಟ್ಟ ಬೇಕಿರಲಿಲ್ಲ. ಆ ಮೆಟ್ಟಿಲ ಮೇಲಿನ ಜಾಗ ಬೇಕಿತ್ತು.

ಅವಳು ಬಂದಳು. ಅವನು ಇಬ್ಬರ ಕಾಲಿಗೂ ಬಿದ್ದು, ಹೋಳಿಗೆ ಡಬ್ಬಿಯನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದು ಒಳಗೆ ನಡೆದ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಮರುವರ್ಷ ಬೆಂಗಳೂರಿನಲ್ಲಿ ಹಾರ್ಟ್ ಅಟ್ಯಾಕಿನಲ್ಲಿ ಹೋಗಿಬಿಟ್ಟ. ಆ ದಿನ ಬಾಗಿಲ ತಿರುವಿನಲ್ಲಿ ಒಮ್ಮೆ ನಿಂತು, ಹಿಂದಿರುಗಿ ಕೈ ಬೀಸಿದ. ನಾನೂ ಬೀಸಿದೆ. ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತ್ತೋ ಏನೋ, ನಾನು ತಿರುಗಿ ನೋಡಲಿಲ್ಲ.